ಶಿಕ್ಷಕರ ಅಂಚೆ: ಬಾಯಿ ಬಿಡದ ಮಗುವಿನ ಮುಂದೆ

ಆಸ್ಟ್ರೇಲಿಯದ ಮೂಲನಿವಾಸಿ ಮಕ್ಕಳಿಗೆ ಪಾಠ ಹೇಳುವ ಶಿಕ್ಷಕರು, ಪ್ರಶ್ನೆ ಕೇಳಿದ ಮೇಲೆ ಉತ್ತರಕ್ಕಾಗಿ ಸುಮ್ಮನೆ ಕಾಯುವುದನ್ನು ತಾವೇ ಹೊಸದಾಗಿ ಕಲಿಯಬೇಕಾಯಿತು ಎಂದು ಎರಡು ಸಂಚಿಕೆಗಳ ಹಿಂದೆ ಈ ಅಂಕಣದಲ್ಲಿ ಬರೆದಿದ್ದೆ. ಆ ಒಂದು ಮಾತಿಗೆ ರಾಯಚೂರು, ಕೊಪ್ಪಳ, ಬಳ್ಳಾರಿ ಜಿಲ್ಲೆಗಳಿಂದ ಇಷ್ಟು ಪತ್ರಗಳು ಬರುತ್ತವೆಂದು ಎಣಿಸಿರಲಿಲ್ಲ. ಇದೇ ಸೀಮೆಯ ಶಾಲೆಗಳಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಸೀಮೆಸುಣ್ಣ ಹಿಡಿದ ನನಗೆ ಅದರ ಕಾರಣ ಊಹಿಸುವುದು ಕಷ್ಟವಾಗಲಿಲ್ಲ. ಏಳು ಪತ್ರಗಳನ್ನು ಇಲ್ಲಿ ಎತ್ತಿಕೊಂಡಿದ್ದೇನೆ. ಬರೆದವರ ಹೆಸರು, ಊರುಗಳನ್ನು ಬಿಟ್ಟಿದ್ದೇನೆ.

ಪ್ರಶ್ನೆ: ನಾನು ದೇವದುರ್ಗ ತಾಲ್ಲೂಕಿನ ತಾಂಡಾ ಒಂದರ ಕಿರಿಯ ಪ್ರಾಥಮಿಕ ಶಾಲೆಯ ಸಹಶಿಕ್ಷಕಿ. ಆಸ್ಟ್ರೇಲಿಯದ ಮೂಲನಿವಾಸಿಗಳು ಮರುಭೂಮಿಯಲ್ಲಿ ಇರುವವರು. ನಮ್ಮ ಲಂಬಾಣಿ ಮಕ್ಕಳು ಹತ್ತಿ ಹೊಲ, ಮೆಣಸಿನಕಾಯಿ ಕಣದ ನಡುವೆ ಬೆಳೆದವರು. ಅಲ್ಲಿಯ ಅನುಭವದಿಂದ ನಮಗೆ ಆಗುವುದೇನು?

ಉತ್ತರ: ಮೊದಲು ಒಂದು ತಿದ್ದುಪಡಿ. ಆಸ್ಟ್ರೇಲಿಯದ ಮೂಲನಿವಾಸಿಗಳಲ್ಲಿ ಬಹುಪಾಲು ಜನ ಇಂದು ವಾಸವಾಗಿರುವುದು ನಗರಗಳಲ್ಲಿ ಮತ್ತು ಪಟ್ಟಣಗಳಲ್ಲಿ. ಮರುಭೂಮಿಯ ದೂರದ ವಸತಿಗಳಲ್ಲಿ ಇರುವವರು ಅಲ್ಪಭಾಗ. 2021ರ ಜನಗಣತಿಯಲ್ಲಿ ಆ ದೇಶದ ಜನಸಂಖ್ಯೆಯ ಶೇ 3.2ರಷ್ಟು ಮಂದಿ ತಮ್ಮನ್ನು ಮೂಲನಿವಾಸಿಗಳೆಂದೋ ಟಾರೆಸ್ ಜಲಸಂಧಿಯ ದ್ವೀಪವಾಸಿಗಳೆಂದೋ ಬರೆಸಿದ್ದಾರೆ. ಅವರಲ್ಲಿ ಸುಮಾರು ಮೂರರಲ್ಲಿ ಒಂದು ಪಾಲು ಹದಿನೈದು ತುಂಬದ ಮಕ್ಕಳು. 1788ರಲ್ಲಿ ಬ್ರಿಟಿಷರು ಅಲ್ಲಿ ನೆಲೆಯೂರಿದಾಗ 250ಕ್ಕೂ ಹೆಚ್ಚು ಭಾಷೆಗಳು ಆ ನೆಲದಲ್ಲಿದ್ದವು. ಮಕ್ಕಳು ತಾಯಿಯ ಬಾಯಿಂದ ಇಂದಿಗೂ ಕಲಿಯುತ್ತಿರುವ ಭಾಷೆಗಳು ಕೈಬೆರಳೆಣಿಕೆಗಿಂತ ಸ್ವಲ್ಪ ಹೆಚ್ಚು, ಅಷ್ಟೆ. ಹೀಗಿರುವಾಗ ‘ಮೂಲನಿವಾಸಿ ಮಗು’ ಎಂಬ ಒಂದೇ ಅಚ್ಚಿನ ಮಗು ಅಲ್ಲಿಲ್ಲ.

ಲಂಬಾಣಿಗರನ್ನು ಅವರೊಡನೆ ಸಮೀಕರಿಸುವುದೂ ಸರಿಯಲ್ಲ. ಎತ್ತಿನ ಹೇರುಗಳ ಮೇಲೆ ಉಪ್ಪು, ಧಾನ್ಯ ಸಾಗಿಸುತ್ತ ಉತ್ತರದಿಂದ ದಖ್ಖನಿಗೆ ಬಂದು ನೆಲೆನಿಂತ ವ್ಯಾಪಾರಿಗಳು ಇವರು. ನಮ್ಮ ರಾಜ್ಯದಲ್ಲಿ ಇವರು ಪರಿಶಿಷ್ಟ ಜಾತಿಯ ಪಟ್ಟಿಯಲ್ಲಿದ್ದಾರೆಯೇ ಹೊರತು ಪಂಗಡದ ಪಟ್ಟಿಯಲ್ಲಿ ಅಲ್ಲ. ಅಲ್ಲಿಯವರಿಗೆ ಆದದ್ದು ನೆಲವನ್ನೇ ಕಳೆದುಕೊಂಡ ಬೇರೆ ಬಗೆಯ ದುರಂತ. ಹೋಲಿಕೆ ಏನಿದ್ದರೂ ಶಾಲೆಯ ಹೊಸ್ತಿಲಿನಿಂದ ಈಚೆಗೆ ಮಾತ್ರ. ಮನೆಯ ಮಾತು ಒಂದು, ಶಾಲೆಯ ಮಾತು ಇನ್ನೊಂದು. ಮನೆಯಲ್ಲಿ ಜಾಣತನವೆನಿಸಿದ್ದು ಶಾಲೆಯಲ್ಲಿ ಲೆಕ್ಕಕ್ಕಿಲ್ಲ. ಮಗು ಒಳಗೆ ಕಾಲಿಡುವ ಮುನ್ನವೇ ‘ಆ ಓಣಿಯ ಹುಡುಗರು ಅಷ್ಟೇ’ ಎಂಬ ತೀರ್ಮಾನ ಹಾಜರಿ ಪುಸ್ತಕದ ಜೊತೆಗೇ ಮೇಜಿನ ಮೇಲೆ ಕುಳಿತಿರುತ್ತದೆ. ಇವು ಮೂರೂ ಅಲ್ಲಿವೆ, ಇಲ್ಲೂ ಇವೆ. ಅಲ್ಲಿಯವರು ಇದರೊಡನೆ ಐವತ್ತು ವರ್ಷ ಗುದ್ದಾಡಿದ್ದಾರೆ, ಹಲವು ಸಲ ಸೋತಿದ್ದಾರೆ. ಅವರ ಗೆಲುವುಗಳಿಗಿಂತ ಸೋಲುಗಳೇ ನಮಗೆ ಹೆಚ್ಚು ಉಪಯೋಗಕ್ಕೆ ಬಂದಾವು ಎಂಬುದು ನನ್ನ ಅಂದಾಜು.

ಪ್ರಶ್ನೆ: ಮೂರನೆಯ ತರಗತಿಯಲ್ಲಿ ತಾಂಡಾದಿಂದ ಬರುವ ಒಂಬತ್ತು ಮಕ್ಕಳಿದ್ದಾರೆ. ಏನು ಕೇಳಿದರೂ ನೆಲ ನೋಡುತ್ತಾರೆ. ಊರ ಮಕ್ಕಳು ಟಪಟಪನೆ ಉತ್ತರಿಸುತ್ತಾರೆ. ಇವರಿಗೆ ಗೊತ್ತಿಲ್ಲವೋ, ಹೇಳುವುದಿಲ್ಲವೋ ತಿಳಿಯದು. (ಲಿಂಗಸುಗೂರು ತಾಲ್ಲೂಕಿನ ಶಿಕ್ಷಕರು)

ಉತ್ತರ: ನಿಮ್ಮ ಪತ್ರದಲ್ಲಿ ‘ತಿಳಿಯದು’ ಎಂದು ಬರೆದಿದ್ದೀರಲ್ಲ, ಅದು ನನಗೆ ಹಿಡಿಸಿತು. ಹೆಚ್ಚಿನವರು ‘ಇವರಿಗೆ ಬರೂದಿಲ್ಲ’ ಎಂದು ಅಲ್ಲಿಗೇ ಕೈ ತೊಳೆದುಕೊಳ್ಳುತ್ತಾರೆ.

ಮೊದಲ ಕೆಲಸವಾಗಿ ಕಿವಿ ನೋಡಿ. ಆಸ್ಟ್ರೇಲಿಯದ ಮೂಲನಿವಾಸಿ ಮಕ್ಕಳಲ್ಲಿ ನಡುಗಿವಿಯ ಸೋಂಕು ಬಹಳ ಹೆಚ್ಚು. ಎಳೆಯ ವಯಸ್ಸಿನಲ್ಲೇ ಶುರುವಾಗಿ ಮರುಕಳಿಸುವ ಈ ಸೋಂಕಿನಿಂದ ಕಿವಿಯ ತಮಟೆ ತೂತಾಗುತ್ತದೆ, ಕೇಳಿಸುವುದು ಮಂದವಾಗುತ್ತದೆ. ಹಟಮಾರಿ, ಗಮನವಿಲ್ಲದವನು ಎಂದು ಹಣೆಪಟ್ಟಿ ಹೊತ್ತ ಎಷ್ಟೋ ಮಕ್ಕಳಿಗೆ ವಾಸ್ತವವಾಗಿ ಶಿಕ್ಷಕರ ಮಾತಿನ ಅರ್ಧ ಮಾತ್ರ ಕೇಳುತ್ತಿತ್ತು. ಆದ್ದರಿಂದ ಅಲ್ಲಿನ ಅನೇಕ ತರಗತಿಗಳಲ್ಲಿ ಶಿಕ್ಷಕರ ದನಿಯನ್ನು ಕೋಣೆಯ ತುಂಬ ಸಮನಾಗಿ ಹರಡುವ ಧ್ವನಿವರ್ಧಕಗಳನ್ನು ಕೂಡಿಸಿದರು; ಕೆಲವು ಶಾಲೆಗಳಲ್ಲಿ ದಿನದ ಮೊದಲ ಚಟುವಟಿಕೆಯೇ ಎಲ್ಲರೂ ಮೂಗು ಸೀಟಿ, ಕೆಮ್ಮಿ, ಉಸಿರಾಡುವುದು. ನಮ್ಮಲ್ಲಿ ಕಿವಿ ಸೋರಿದರೆ ಬಿಸಿ ಎಣ್ಣೆ ಬಿಟ್ಟು ಹತ್ತಿ ತುರುಕುವ ರೂಢಿ ಇನ್ನೂ ಹೋಗಿಲ್ಲ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಶಾಲೆಗೆ ಬಂದ ದಿನ ತೂಕ, ಎತ್ತರ ಬರೆಸಿ ಕಳಿಸಿಬಿಡಬೇಡಿ. ಈ ಒಂಬತ್ತು ಮಕ್ಕಳ ಕಿವಿಯನ್ನು ಹೆಸರು ಹಿಡಿದು ತೋರಿಸಿ. ತಂಡ ಬರುವವರೆಗೆ, ಮಗುವಿನ ಬೆನ್ನ ಹಿಂದೆ ನಿಂತು ಮೆಲ್ಲಗೆ ಅದರ ಹೆಸರು ಕರೆದು ನೋಡಿ. ವೈದ್ಯರ ಪರೀಕ್ಷೆಗೆ ಇದು ಬದಲಿಯಲ್ಲ, ಆದರೆ ನಿಮ್ಮ ಅನುಮಾನಕ್ಕೆ ಒಂದು ದಾರಿ ಸಿಕ್ಕೀತು.

ಕಿವಿ ಸರಿಯಿದೆಯೆಂದರೆ, ಪ್ರಶ್ನೆಯ ಕಡೆಗೆ ತಿರುಗೋಣ. ಉತ್ತರ ಗೊತ್ತಿರುವವರೇ ಪ್ರಶ್ನೆ ಕೇಳುವುದು ಶಾಲೆಯೊಂದರಲ್ಲಿ ಮಾತ್ರ ನಡೆಯುವ ವಿಚಿತ್ರ. ಕೈಯಲ್ಲಿ ಮಾವಿನಕಾಯಿ ಹಿಡಿದುಕೊಂಡು ‘ಇದು ಏನು?’ ಎಂದು ಮನೆಯಲ್ಲಿ ಯಾರೂ ಕೇಳುವುದಿಲ್ಲ. ಅನೇಕ ಮೂಲನಿವಾಸಿ ಕುಟುಂಬಗಳಲ್ಲಿ ಹೀಗೆ ನೇರವಾಗಿ ಪ್ರಶ್ನಿಸುವುದು ಒರಟುತನ. ತಿಳಿಯಬೇಕಾದವನು ತನಗೆ ತಿಳಿದಷ್ಟನ್ನು ಮೊದಲು ಹೇಳಿ ಎದುರಿನವನು ಮಾತು ಮುಂದುವರಿಸಲಿ ಎಂದು ಕಾಯುತ್ತಾನೆ. ಮಾತಿನ ನಡುವಿನ ಮೌನವನ್ನು ಅಲ್ಲಿ ಮುಜುಗರವೆಂದು ಯಾರೂ ತಿಳಿಯುವುದಿಲ್ಲ. ಶಿಕ್ಷಕರಿಗಾದರೋ ಅಷ್ಟು ಪುರುಸೊತ್ತಿಲ್ಲ. ಮೇರಿ ಬಡ್ ರೋ ಎಂಬ ಅಮೆರಿಕದ ಸಂಶೋಧಕಿ 1970ರ ದಶಕದಲ್ಲಿ ತರಗತಿಗಳ ಧ್ವನಿಮುದ್ರಣಗಳನ್ನು ಅಳೆದು, ಪ್ರಶ್ನೆ ಕೇಳಿದ ಶಿಕ್ಷಕರು ಸರಾಸರಿ ಕಾಯುವುದು ಒಂದು ಸೆಕೆಂಡಿನಷ್ಟು ಎಂದು ತೋರಿಸಿದರು. ಮೂರು ಸೆಕೆಂಡು ಕಾದರೆ ಉತ್ತರಗಳು ಉದ್ದವಾದವು, ಸುಮ್ಮನಿದ್ದ ಮಕ್ಕಳೂ ಬಾಯಿಬಿಟ್ಟರು. ಅದು ಅಮೆರಿಕದ ಸಾಮಾನ್ಯ ತರಗತಿಯ ಮಾತು. ಕೇಳಿದ ಕನ್ನಡವನ್ನು ಮನಸ್ಸಿನಲ್ಲಿ ಲಂಬಾಣಿಗೆ ತಿರುಗಿಸಿ, ಉತ್ತರವನ್ನು ಮತ್ತೆ ಕನ್ನಡಕ್ಕೆ ತರಬೇಕಾದ ಮಗುವಿಗೆ ಮೂರು ಸೆಕೆಂಡು ಎಲ್ಲಿಗೆ ಸಾಕು?

ಮೂರನೆಯದು ನಾನು ಪೆಟ್ಟು ತಿಂದು ಕಲಿತದ್ದು. ಸಿಂಧನೂರಿನ ಕಡೆ ನಾನಿದ್ದ ಶಾಲೆಯಲ್ಲಿ ಒಬ್ಬ ಹುಡುಗಿ ವರ್ಷವಿಡೀ ಲೆಕ್ಕದ ಹೊತ್ತಿನಲ್ಲಿ ಲಂಗದ ಅಂಚು ಕಚ್ಚಿಕೊಂಡೇ ಕೂತಿದ್ದಳು. ಹತ್ತಿ ಬಿಡಿಸುವ ದಿನಗಳಲ್ಲಿ ಒಂದು ಸಂಜೆ ಹೊಲದ ಬದುವಿನಲ್ಲಿ ಹೋಗುತ್ತಿದ್ದಾಗ ತೂಕದವನ ಎದುರು ತಾಯಿಯ ಪರವಾಗಿ ಅವಳೇ ಮಾತಾಡುತ್ತಿದ್ದುದು ಕಿವಿಗೆ ಬಿತ್ತು. ಹದಿನೆಂಟು ಕಿಲೋ, ಕಿಲೋಗೆ ಎಂಟು ರೂಪಾಯಿ. ‘ಇಪ್ಪತ್ತಕ್ಕ ನೂರಾ ಅರವತ್ತು, ಎರಡು ಕಿಲೋದ್ದು ಹದಿನಾರು ತಗದ್ರ ನೂರಾ ನಲವತ್ನಾಕು’ ಎಂದಳು, ಚೀಲದ ಬಾಯಿ ಕಟ್ಟುತ್ತಲೇ. ಗುಣಾಕಾರದಲ್ಲಿ ನಾನು ಹೇಳಿಕೊಡದ ದಾರಿ ಅದು. ಮರುದಿನ ಉತ್ಸಾಹ ತಡೆಯದೆ ಅವಳನ್ನು ಕರಿಹಲಗೆಯ ಮುಂದೆ ನಿಲ್ಲಿಸಿ, ನೋಡಿ ಇವಳು ಎಷ್ಟು ಜಾಣೆ ಎಂದು ಇಡೀ ತರಗತಿಯ ಎದುರು ಹೊಗಳಿದೆ. ಅವಳು ಎರಡು ದಿನ ಶಾಲೆಗೆ ಬರಲಿಲ್ಲ. ಮೂಲನಿವಾಸಿ ಮಕ್ಕಳ ಇಂಗ್ಲಿಷಿನಲ್ಲಿ ‘ಶೇಮ್’ ಎಂಬ ಮಾತಿದೆ. ತಪ್ಪು ಮಾಡಿ ನಾಚುವುದಷ್ಟೇ ಅದರ ಅರ್ಥವಲ್ಲ, ಗುಂಪಿನಿಂದ ಒಬ್ಬರನ್ನೇ ಎತ್ತಿ ಎಲ್ಲರ ಕಣ್ಣಿಗೆ ಇಡುವುದು, ಅದು ಹೊಗಳಿಕೆಗೇ ಆಗಿದ್ದರೂ, ‘ಶೇಮ್’ ಎನಿಸಿಕೊಳ್ಳುತ್ತದೆ. ಇದನ್ನು ಓದಿ ತಿಳಿದುಕೊಂಡದ್ದು ಆ ಹುಡುಗಿ ಶಾಲೆ ಬಿಟ್ಟು ಎಷ್ಟೋ ವರ್ಷಗಳ ಮೇಲೆ. ಇಬ್ಬಿಬ್ಬರನ್ನು ಜೋಡಿ ಮಾಡಿ ಲೆಕ್ಕ ಕೊಡಿ, ಉತ್ತರವನ್ನು ಜೋಡಿಯಿಂದ ಕೇಳಿ, ಮೆಚ್ಚುಗೆಯನ್ನು ಪಕ್ಕದಲ್ಲಿ ಕೂತು ಮೆಲುದನಿಯಲ್ಲಿ ಹೇಳಿ. ನೆಲ ನೋಡುವುದನ್ನು ಅವಿಧೇಯತೆ ಎಂದಂತೂ ಓದಬೇಡಿ. ಹಿರಿಯರ ಕಣ್ಣಲ್ಲಿ ಕಣ್ಣಿಡಬಾರದೆಂದು ಅಲ್ಲಿಯ ಮನೆಗಳಲ್ಲಿ ಕಲಿಸುತ್ತಾರೆ, ನಮ್ಮ ಮನೆಗಳಲ್ಲೂ ಕಲಿಸುತ್ತೇವೆ.

ಪ್ರಶ್ನೆ: ನಲಿ-ಕಲಿ (ಚಟುವಟಿಕೆಯ ಮೂಲಕ ಕಲಿಸುವ) ತರಗತಿಯಲ್ಲಿ ನಾನು ಆಗಾಗ ಲಂಬಾಣಿ ಪದಗಳನ್ನು ಬಳಸುತ್ತೇನೆ. ಹಾಗೆ ಮಾಡಿದರೆ ಮಕ್ಕಳಿಗೆ ಕನ್ನಡ ಬರುವುದಿಲ್ಲ ಎಂದು ಹಿರಿಯ ಸಹೋದ್ಯೋಗಿಗಳು ಆಕ್ಷೇಪಿಸುತ್ತಾರೆ. ಯಾರು ಸರಿ? (ಕುಷ್ಟಗಿ ತಾಲ್ಲೂಕಿನ ಶಿಕ್ಷಕಿ)

ಉತ್ತರ: ನೀವು ಸರಿ. ಆದರೆ ನಿಮ್ಮ ಸಹೋದ್ಯೋಗಿಗಳ ಭಯವನ್ನು ತಳ್ಳಿಹಾಕದೆ ಉತ್ತರಿಸಬೇಕು, ಏಕೆಂದರೆ ಅದೇ ಭಯ ಒಂದು ಸರ್ಕಾರವನ್ನೇ ಆಡಿಸಿದೆ.

ಆಸ್ಟ್ರೇಲಿಯದ ನಾರ್ದರ್ನ್ ಟೆರಿಟರಿಯಲ್ಲಿ 1973ರಿಂದ ಕೆಲವು ಶಾಲೆಗಳಲ್ಲಿ ದ್ವಿಭಾಷಾ ಶಿಕ್ಷಣ ಆರಂಭವಾಯಿತು. ಮಗು ಮೊದಲು ತನ್ನ ಭಾಷೆಯಲ್ಲಿ ಓದಲು, ಬರೆಯಲು ಕಲಿಯುವುದು. ಇಂಗ್ಲಿಷನ್ನು ಆರಂಭದಲ್ಲಿ ಬಾಯಿಮಾತಾಗಿ ಕೇಳಿ, ಮುಂದೆ ಬರಹಕ್ಕೆ ದಾಟುವುದು. ಸಮುದಾಯದ ಹಿರಿಯರು, ಸ್ಥಳೀಯ ಸಹಾಯಕ ಶಿಕ್ಷಕರು ಇದರ ಬೆನ್ನೆಲುಬು. ಯಿರ್ಕಲ ಎಂಬಲ್ಲಿ ಯೊಲ್ಞು ಜನ ಇದಕ್ಕೆ ತಮ್ಮದೇ ರೂಪ ಕೊಟ್ಟರು. 1990ರಲ್ಲಿ ಆ ಶಾಲೆಯ ಮುಖ್ಯಸ್ಥರಾದ ಯುನುಪಿಂಗು, ಮುಂದೆ ಸಂಗೀತಗಾರರಾಗಿಯೂ ಹೆಸರಾದವರು, ‘ಎರಡೂ ದಾರಿ’ಯ ಕಲಿಕೆಯನ್ನು ಎತ್ತಿಹಿಡಿದರು. ಅವರ ಜನ ಅದಕ್ಕೆ ಕೊಡುವ ಹೋಲಿಕೆ ‘ಗನ್ಮ’: ನೆಲದಿಂದ ಬರುವ ಸಿಹಿನೀರು, ಕಡಲಿನಿಂದ ಬರುವ ಉಪ್ಪುನೀರು ಕೂಡುವ ಜಾಗ. ರಾಯಚೂರಿನ ಉತ್ತರಕ್ಕೆ ಭೀಮೆ ಕೃಷ್ಣೆಯನ್ನು ಸೇರುವಲ್ಲಿ ನಿಂತವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಯೊಲ್ಞು ಹೋಲಿಕೆಯಲ್ಲಿ ಎರಡು ನೀರಿನ ರುಚಿಯೂ ಬೇರೆ, ಒಂದು ಇನ್ನೊಂದರಲ್ಲಿ ಕರಗಿಹೋಗುವುದಿಲ್ಲ.

2008ರಲ್ಲಿ ದೇಶವ್ಯಾಪಿ ಪರೀಕ್ಷೆಯೊಂದನ್ನು ಮೊದಲ ಬಾರಿಗೆ ನಡೆಸಿದಾಗ ದೂರದ ಶಾಲೆಗಳ ಅಂಕಗಳು ಕೆಳಗಿದ್ದವು. ಪರೀಕ್ಷೆ ಇಂಗ್ಲಿಷಿನಲ್ಲಿತ್ತು ಎಂಬುದನ್ನು ಮರೆತಂತೆ, ಆ ವರ್ಷವೇ ಅಲ್ಲಿನ ಸರ್ಕಾರ ಪ್ರತಿ ಶಾಲೆಯಲ್ಲೂ ದಿನದ ಮೊದಲ ನಾಲ್ಕು ಗಂಟೆ ಇಂಗ್ಲಿಷಿನಲ್ಲೇ ಪಾಠ ನಡೆಯಬೇಕೆಂದು ಆಜ್ಞೆ ಮಾಡಿತು. ದ್ವಿಭಾಷಾ ಶಾಲೆಗಳಿಗೆ ಅದು ಬಿದ್ದ ದೊಡ್ಡ ಕೊಡಲಿಪೆಟ್ಟು. ನಾಲ್ಕು ಗಂಟೆ ಅರ್ಥವಾಗದ ಭಾಷೆಯಲ್ಲಿ ಕೂಡಿಸಿದ ಮಾತ್ರಕ್ಕೆ ಆ ಭಾಷೆ ಬಂದುಬಿಡುವುದಿಲ್ಲ. ಓದುವುದೆಂದರೇನು ಎಂಬುದು ತನಗೆ ಗೊತ್ತಿರುವ ಮಾತಿನಲ್ಲಿ ಒಮ್ಮೆ ತಿಳಿದರೆ ಎರಡನೆಯ ಭಾಷೆಗೆ ಆ ತಿಳಿವು ತಾನಾಗಿ ಹೊಂದಿಕೊಳ್ಳುತ್ತದೆ.

ನಿಮಗೆ ಕಾಯ್ದೆಯ ಬೆಂಬಲವೂ ಇದೆ. ಶಿಕ್ಷಣ ಹಕ್ಕು ಕಾಯ್ದೆ, 2009ರ 29ನೆಯ ಕಲಂ, ಸಾಧ್ಯವಾದ ಮಟ್ಟಿಗೆ ಮಗುವಿನ ಮಾತೃಭಾಷೆಯಲ್ಲಿ ಬೋಧನೆ ನಡೆಯಬೇಕೆನ್ನುತ್ತದೆ. ಒಡಿಶಾ ರಾಜ್ಯ 2007ರ ಸುಮಾರಿಗೆ ಹತ್ತು ಆದಿವಾಸಿ ಭಾಷೆಗಳಲ್ಲಿ ಮೊದಲ ತರಗತಿಗಳ ಪಠ್ಯಗಳನ್ನು ಮಾಡಿಕೊಂಡಿತು. ನಮ್ಮಲ್ಲಿ ಲಂಬಾಣಿಗೆ ಪಠ್ಯ ಬರುವವರೆಗೆ ಕಾಯಬೇಕಾಗಿಲ್ಲ. ಗೋರ್ ಬೋಲಿಗೆ, ಅಂದರೆ ಲಂಬಾಣಿ ಮಾತಿಗೆ, ಸ್ವಂತ ಲಿಪಿಯಿಲ್ಲ, ಕನ್ನಡ ಲಿಪಿಯಲ್ಲಿ ಬರೆದುಕೊಳ್ಳಬಹುದು. ‘ಯಾಡಿ’ ಎಂದು ಬರೆದು ತಾಯಿಯ ಚಿತ್ರದ ಕೆಳಗೆ ಅಂಟಿಸಿ, ಪಕ್ಕದಲ್ಲಿ ‘ಅವ್ವ’ ಎಂದು ಬರೆಯಿರಿ; ‘ಬಾಟಿ’ಯ ಪಕ್ಕದಲ್ಲಿ ‘ರೊಟ್ಟಿ’, ‘ಪಾಣಿ’ಯ ಪಕ್ಕದಲ್ಲಿ ‘ನೀರು’. ಕನ್ನಡ ಅಕ್ಷರವೇ ಕಲಿತಂತಾಯಿತು, ಓದಿದ್ದು ಅರ್ಥವೂ ಆಯಿತು. ನನ್ನ ತರಗತಿಯಲ್ಲಿ ಒಬ್ಬ ಹುಡುಗ ‘ಕಾಯಿ’ ಎಂಬ ಕಾರ್ಡು ಓದಿದಾಗಲೆಲ್ಲ ಪಕ್ಕದವನು ಕಿಸಕ್ಕನೆ ನಗುತ್ತಿದ್ದ. ಅವರ ಮಾತಿನಲ್ಲಿ ಹೆಚ್ಚುಕಡಿಮೆ ಅದೇ ಉಚ್ಚಾರಕ್ಕೆ ‘ಏನು?’ ಎಂಬ ಅರ್ಥವೆಂದು ನನಗೆ ಯಾರೂ ಹೇಳಿರಲಿಲ್ಲ. ನಾನು ತೆಂಗಿನಕಾಯಿ ತೋರಿಸಿ ‘ಕಾಯಿ’ ಎನ್ನುವುದು, ಆ ಮಕ್ಕಳಿಗೆ ಮೇಷ್ಟ್ರು ತೆಂಗಿನಕಾಯಿಯನ್ನೇ ‘ಏನು?’ ಎಂದು ವಿಚಾರಿಸುತ್ತಿರುವಂತೆ ಕೇಳಿಸುತ್ತಿತ್ತು.

ಇಷ್ಟರಿಂದ ಲಂಬಾಣಿ ಮಕ್ಕಳದ್ದೇ ಕಷ್ಟ ಎಂದುಕೊಳ್ಳಬೇಡಿ. ಆಸ್ಟ್ರೇಲಿಯದಲ್ಲಿ ಮೂಲನಿವಾಸಿ ಮಕ್ಕಳಾಡುವ ಇಂಗ್ಲಿಷಿಗೆ ತನ್ನದೇ ವ್ಯಾಕರಣವಿದೆ ಎಂಬುದನ್ನು ಒಪ್ಪಲು ಶಾಲೆಗಳು ಬಹಳ ಕಾಲ ತೆಗೆದುಕೊಂಡವು. ಅಲ್ಲಿಯವರೆಗೆ ಅದು ‘ಕೆಟ್ಟ ಇಂಗ್ಲಿಷ್’ ಆಗಿತ್ತು. ಆ ಮಕ್ಕಳು ‘ಡೆಡ್ಲಿ’ ಎಂದರೆ ಬಹಳ ಚಲೋ ಎಂದರ್ಥ. ನಮ್ಮ ಪಠ್ಯದ ಚಿತ್ರ ನೋಡಿ ‘ಉಳ್ಳಾಗಡ್ಡಿ’ ಎಂದ ಮಗುವಿಗೆ ‘ತಪ್ಪು, ಈರುಳ್ಳಿ’ ಎಂದು ತಿದ್ದಿದ ಶಿಕ್ಷಕರನ್ನು ನಾನು ಕೊಪ್ಪಳ ಜಿಲ್ಲೆಯಲ್ಲೇ ಕಂಡಿದ್ದೇನೆ. ಅವರ ಮನೆಯಲ್ಲೂ ಉಳ್ಳಾಗಡ್ಡಿಯನ್ನೇ ಹೆಚ್ಚುತ್ತಾರೆ.

ಪ್ರಶ್ನೆ: ಗಂಗಾವತಿಯಲ್ಲಿ ಡಿ.ಇಎಲ್.ಇಡಿ (ಪ್ರಾಥಮಿಕ ಶಿಕ್ಷಕರ ತರಬೇತಿ) ಓದುತ್ತಿದ್ದೇನೆ. ಬುಡಕಟ್ಟು ಮಕ್ಕಳು ನೋಡಿ, ಮಾಡಿ ಕಲಿಯುವವರು, ಅವರಿಗೆ ಬರವಣಿಗೆ, ವ್ಯಾಕರಣ ಒಗ್ಗುವುದಿಲ್ಲ, ಆದ್ದರಿಂದ ಹಾಡು, ಚಿತ್ರ, ಆಟಗಳಲ್ಲೇ ಕಲಿಸಬೇಕು ಎಂದು ತರಗತಿಯಲ್ಲಿ ಹೇಳಿದರು. ಆಸ್ಟ್ರೇಲಿಯದಲ್ಲೂ ಹೀಗೆಯೇ ಮಾಡುತ್ತಾರೆಯೇ?

ಉತ್ತರ: ಹಿಂದೆ ಹೀಗೆ ಹೇಳಿದವರು ಅಲ್ಲಿ ಇದ್ದರು. ಸಮುದಾಯದಲ್ಲಿ ಮಕ್ಕಳು ಹಿರಿಯರ ಪಕ್ಕದಲ್ಲಿ ಕೂತು ನೋಡುತ್ತ, ಬಳಿಕ ಕೈಯಿಂದ ಮಾಡುತ್ತ ಕಲಿಯುವುದನ್ನು ಗಮನಿಸಿದ ಸಂಶೋಧಕರು ‘ಮೂಲನಿವಾಸಿಗಳ ಕಲಿಕೆಯ ಶೈಲಿ’ ಎಂಬ ಮಾತನ್ನು 1980ರ ದಶಕದಲ್ಲಿ ಚಲಾವಣೆಗೆ ತಂದರು. ಗಮನಿಸಿದ್ದು ಸುಳ್ಳಲ್ಲ. ಅದರಿಂದ ಶಾಲೆಗಳು ತೆಗೆದ ತೀರ್ಮಾನ ಕೆಟ್ಟದ್ದಾಯಿತು: ಇವರಿಗೆ ಬಣ್ಣ ಬಳಿಯುವ ಕೆಲಸ ಕೊಡಿ, ಓದುವ ಪಾಠ ಉಳಿದ ಮಕ್ಕಳಿಗೆ. ಮೃದುವಾಗಿ ಹೇಳಿದ ತಾತ್ಸಾರಕ್ಕೂ ಒರಟಾಗಿ ಹೇಳಿದ ತಾತ್ಸಾರಕ್ಕೂ ಫಲಿತಾಂಶದಲ್ಲಿ ವ್ಯತ್ಯಾಸವಿಲ್ಲ.

ಇದರ ವಿರುದ್ಧ ಗಟ್ಟಿಯಾಗಿ ನಿಂತವರು ಕ್ರಿಸ್ ಸಾರಾ. 1998ರಲ್ಲಿ ಕ್ವೀನ್ಸ್‌ಲ್ಯಾಂಡಿನ ಚೆರ್ಬರ್ಗ್ ಶಾಲೆಗೆ ಮುಖ್ಯೋಪಾಧ್ಯಾಯರಾಗಿ ಬಂದ ಅವರು ಸ್ವತಃ ಮೂಲನಿವಾಸಿ. ಗಟ್ಟಿಗರಾಗಿ, ಜಾಣರಾಗಿ ಎಂಬುದು ಅವರು ಮಕ್ಕಳ ಮುಂದಿಟ್ಟ ಗುರಿ. ಮೂಲನಿವಾಸಿಯಾಗಿರುವುದಕ್ಕೂ ಚೆನ್ನಾಗಿ ಓದುವುದಕ್ಕೂ ವಿರೋಧವಿದೆ ಎಂಬ ನಂಬಿಕೆಯನ್ನು ಮಕ್ಕಳ ತಲೆಯಿಂದ ತೆಗೆಯುವ ಮುನ್ನ ಶಿಕ್ಷಕರ ತಲೆಯಿಂದ ತೆಗೆಯಬೇಕೆಂದು ಅವರು ವಾದಿಸಿದರು. ನ್ಯೂ ಸೌತ್ ವೇಲ್ಸ್ ರಾಜ್ಯದ ಪಶ್ಚಿಮ ಭಾಗದಲ್ಲಿ ಟೈಸನ್ ಯುಂಕಪೋರ್ಟ ರೂಪಿಸಿದ ‘ಎಂಟು ದಾರಿಗಳು’ ಎಂಬ ಚೌಕಟ್ಟೂ ಇದೆ: ಕಥೆ, ಕಲಿಕೆಯ ನಕ್ಷೆ, ಮಾತಿಲ್ಲದ ಕಲಿಕೆ, ಸಂಕೇತ, ನೆಲದ ನಂಟು, ಸಮುದಾಯದ ನಂಟು ಮೊದಲಾದವು. ಅದನ್ನು ಓದಿನ ಬದಲಿಗೆ ಬಳಸಬಾರದು, ಓದಿಗೆ ಹೋಗುವ ದಾರಿಯಾಗಿ ಬಳಸಬೇಕು. ಅದರಲ್ಲಿ ನನಗೆ ಬಹಳ ಪ್ರಯೋಜನಕ್ಕೆ ಬಂದದ್ದು ಒಂದೇ ವಿಚಾರ, ಬಿಡಿಬಿಡಿ ಭಾಗಗಳನ್ನು ಕಲಿಸುವ ಮೊದಲು ಇಡಿಯಾದದ್ದನ್ನು ತೋರಿಸಿಬಿಡುವುದು. ಅಕ್ಷರಕ್ಕೆ ಮೊದಲು ಇಡೀ ಕಥೆಯನ್ನು ಕೇಳಿಸುವುದು.

ಬಳ್ಳಾರಿ ಜಿಲ್ಲೆಯ ದರೋಜಿಯ ಈರಮ್ಮನವರನ್ನು ನೆನೆಯಿರಿ. ಬುಡ್ಗಜಂಗಮ ಸಮುದಾಯದ ಆ ಬುರ್ರಕಥಾ ಕಲಾವಿದೆಗೆ ಅಕ್ಷರ ಗೊತ್ತಿರಲಿಲ್ಲ. ಸಾವಿರಾರು ಪುಟಗಳಾಗುವಷ್ಟು ಜನಪದ ಮಹಾಕಾವ್ಯಗಳು ನಾಲಗೆಯ ಮೇಲಿದ್ದವು. ಹಂಪಿಯ ಕನ್ನಡ ವಿಶ್ವವಿದ್ಯಾಲಯ ನಾಡೋಜ ಗೌರವ ಕೊಟ್ಟಿತು. 2014ರಲ್ಲಿ ಅವರು ತೀರಿಕೊಂಡರು. ಅಂಥವರ ಮನೆಯ ಮಗುವಿಗೆ ವ್ಯಾಕರಣ ಒಗ್ಗದೆಂದು ಹೇಳುವವರು, ಎಡವದೆ ರಾತ್ರಿಯಿಡೀ ಕಥೆ ಹಾಡುವುದಕ್ಕೆ ಎಂಥ ವ್ಯಾಕರಣ ಬೇಕೆಂದು ಒಮ್ಮೆ ಯೋಚಿಸಬೇಕು.

ಪ್ರಶ್ನೆ: ದೀಪಾವಳಿ ಕಳೆದರೆ ಅರ್ಧ ತರಗತಿ ಗುಳೆ ಹೋಗುತ್ತದೆ. ಯುಗಾದಿಗೆ ಬಂದ ಮಕ್ಕಳಿಗೆ ಕಲಿತದ್ದೆಲ್ಲ ಮರೆತಿರುತ್ತದೆ. ಪರಿಹಾರವಿದೆಯೇ? (ಮಸ್ಕಿ ತಾಲ್ಲೂಕಿನ ಮುಖ್ಯಶಿಕ್ಷಕರು)

ಉತ್ತರ: ಪೂರ್ಣ ಪರಿಹಾರ ನಿಮ್ಮ ಕೈಯಲ್ಲೂ ಇಲ್ಲ, ನನ್ನ ಕೈಯಲ್ಲೂ ಇಲ್ಲ; ಅದು ಊರಲ್ಲಿ ಕೂಲಿ ಸಿಗುವುದರ ಮೇಲೆ ನಿಂತಿದೆ. ಆಸ್ಟ್ರೇಲಿಯದಲ್ಲಿ ಮಕ್ಕಳು ತಪ್ಪಿಸಿಕೊಳ್ಳುವ ಕಾರಣಗಳು ಬೇರೆ. ಬಂಧುವೊಬ್ಬರು ತೀರಿಕೊಂಡರೆ ಇಡೀ ಕುಟುಂಬ ನೂರಾರು ಕಿಲೋಮೀಟರ್ ಹೋಗಿ ವಾರಗಟ್ಟಲೆ ಉಳಿಯುವುದುಂಟು. ಮಗು ಶಾಲೆಗೆ ಬರದಿದ್ದರೆ ಹೆತ್ತವರಿಗೆ ಸಿಗುವ ಸರ್ಕಾರಿ ನೆರವನ್ನು ತಡೆಹಿಡಿಯುವ ಕ್ರಮವನ್ನು ಅಲ್ಲಿ ಕೆಲವು ವರ್ಷ ಪ್ರಯೋಗಿಸಿ ಕೈಬಿಟ್ಟರು. ಹಸಿವಿಗೆ ದಂಡ ಹಾಕಿದರೆ ಹಾಜರಿ ಏರುವುದಿಲ್ಲ.

ನಿಮ್ಮ ಕೈಯಲ್ಲಿರುವುದು ಮರಳಿ ಬಂದ ದಿನ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಹುಟ್ಟಿದ ನಲಿ-ಕಲಿಯ ಕಲಿಕಾ ಏಣಿ ಇದಕ್ಕೆ ಹೇಳಿಮಾಡಿಸಿದಂತಿದೆ: ಮಗು ಯಾವ ಮೈಲಿಗಲ್ಲಿನಲ್ಲಿ ಬಿಟ್ಟು ಹೋಯಿತೋ ಅಲ್ಲಿಂದಲೇ ಹತ್ತಬಹುದು, ಉಳಿದವರ ಪಾಠಕ್ಕೆ ಓಡಿ ಕೂಡಿಕೊಳ್ಳಬೇಕಾಗಿಲ್ಲ. ಆದರೆ ನಾವು ಏಣಿಯನ್ನು ಗೋಡೆಗೆ ಅಂಟಿಸಿಟ್ಟು ಎಲ್ಲರಿಗೂ ಒಂದೇ ಪುಟ ಓದಿಸುತ್ತೇವೆ. ಹೊರಡುವ ಮುನ್ನ ಮಗುವಿನ ಕಾರ್ಡಿನ ಸಂಖ್ಯೆಯನ್ನು, ಸ್ಯಾಟ್ಸ್ ಸಂಖ್ಯೆಯನ್ನು (ಸರ್ಕಾರಿ ದಾಖಲೆಯಲ್ಲಿ ಆ ವಿದ್ಯಾರ್ಥಿಯ ಸಂಖ್ಯೆ) ಒಂದು ಚೀಟಿಯಲ್ಲಿ ಬರೆದು ತಾಯಿಯ ಕೈಗೆ ಕೊಡಿ; ಬೆಂಗಳೂರಿನಲ್ಲಿ ಕಟ್ಟಡದ ಪಕ್ಕದ ಶಾಲೆಗೆ ಸೇರಿಸಲು ಅದು ಬೇಕಾಗುತ್ತದೆ. ಅಜ್ಜಿ ಊರಲ್ಲೇ ಉಳಿಯುವ ಮನೆಗಳನ್ನು ದಸರೆ ರಜೆಯಲ್ಲೇ ಗುರುತಿಸಿ, ಗುಳೆ ಹೋದವರ ಮಕ್ಕಳನ್ನು ಊರಲ್ಲೇ ಉಳಿಸಿಕೊಳ್ಳುವ ಋತುಮಾನ ವಸತಿ ಕೇಂದ್ರದ ಬೇಡಿಕೆಯನ್ನು ಆಗಲೇ ಕಳಿಸಿ. ಹಿಂದೊಮ್ಮೆ ನಾನು ನವೆಂಬರಿನಲ್ಲಿ ಕಳಿಸಿದ ಬೇಡಿಕೆಗೆ ಮಂಜೂರಾತಿ ಬಂದದ್ದು ಮಾರ್ಚಿಯಲ್ಲಿ. ಆಗ ಮಕ್ಕಳು ಕಬ್ಬು ಕಡಿದು ಊರಿಗೆ ಮರಳುತ್ತಿದ್ದರು.

ಪ್ರಶ್ನೆ: ನಾವು ಹರಣಶಿಕಾರಿ ಜನ. ಮಗ ಎರಡನೆಯ ತರಗತಿ. ತರಗತಿಯಲ್ಲಿ ಯಾರದೇ ಪೆನ್ನು ಕಳೆದರೂ ಮೊದಲು ಅವನ ಚೀಲ ತಪಾಸು ಮಾಡುತ್ತಾರೆ. ಶಾಲೆಗೆ ಹೋಗಿ ಕೇಳಲು ಮನಸ್ಸಾಗುವುದಿಲ್ಲ. ಏನು ಮಾಡಲಿ? (ಕೊಪ್ಪಳ ಜಿಲ್ಲೆಯ ಒಬ್ಬ ತಂದೆ)

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಶಿಕ್ಷಕರ ಪರವಾಗಿ ಕ್ಷಮೆ ಕೇಳುವ ಅಧಿಕಾರ ನನಗಿಲ್ಲ, ಆದರೂ ಕೇಳುತ್ತೇನೆ.

ಶಿಕ್ಷಕರೂ ಓದಲೆಂದು ಎರಡು ಸಂಗತಿಗಳನ್ನು ಇಲ್ಲಿ ಬರೆಯುತ್ತೇನೆ. 1871ರಲ್ಲಿ ಬ್ರಿಟಿಷ್ ಸರ್ಕಾರ ಅಪರಾಧಿ ಬುಡಕಟ್ಟುಗಳ ಕಾಯ್ದೆ ಮಾಡಿ, ಕೆಲವು ಸಮುದಾಯಗಳಲ್ಲಿ ಹುಟ್ಟಿದ ಮಾತ್ರಕ್ಕೆ ಜನರನ್ನು ಕಳ್ಳರೆಂದು ದಾಖಲಿಸಿತು. 1911ರಲ್ಲಿ ಅದು ಬಳ್ಳಾರಿ ಸೇರಿದ್ದ ಮದ್ರಾಸ್ ಪ್ರಾಂತ್ಯಕ್ಕೂ ಬಂತು. ಹುಬ್ಬಳ್ಳಿ, ಗದಗಗಳಲ್ಲಿ ಆ ಜನರನ್ನು ತಂತಿಬೇಲಿಯೊಳಗೆ ಇಟ್ಟ ಜಾಗಗಳನ್ನು ಇಂದಿಗೂ ‘ಸೆಟ್ಲ್‌ಮೆಂಟ್’ ಎಂದೇ ಕರೆಯುತ್ತಾರೆ. ಕಾಯ್ದೆ ರದ್ದಾದದ್ದು 1952ರಲ್ಲಿ. ಪುಸ್ತಕದಿಂದ ಹೋದ ಕಾಯ್ದೆ ನಿಮ್ಮ ಮಗನ ಚೀಲದೊಳಗೆ ಇನ್ನೂ ಕೈ ಹಾಕುತ್ತಿದೆ.

ಇನ್ನೊಂದು ಆಸ್ಟ್ರೇಲಿಯದ್ದು. ಸುಮಾರು 1910ರಿಂದ 1970ರವರೆಗೆ ಸಾವಿರಾರು ಮೂಲನಿವಾಸಿ ಮಕ್ಕಳನ್ನು ಸರ್ಕಾರವೇ ತಾಯಂದಿರಿಂದ ಕಿತ್ತು ಅನಾಥಾಲಯಗಳಿಗೂ ಬಿಳಿಯರ ಮನೆಗಳಿಗೂ ಸಾಗಿಸಿತು. ನ್ಯೂ ಸೌತ್ ವೇಲ್ಸಿನಲ್ಲಿ ಬಿಳಿಯ ಪೋಷಕರು ಆಕ್ಷೇಪಿಸಿದರೆ ಮೂಲನಿವಾಸಿ ಮಗುವನ್ನು ಸರ್ಕಾರಿ ಶಾಲೆಯಿಂದ ಹೊರಗಿಡುವ ಅವಕಾಶ 1972ರವರೆಗೂ ನಿಯಮದಲ್ಲೇ ಇತ್ತು. 2008ರ ಫೆಬ್ರುವರಿ 13ರಂದು ಪ್ರಧಾನಿ ಕೆವಿನ್ ರಡ್ ಸಂಸತ್ತಿನಲ್ಲಿ ಕ್ಷಮೆ ಕೇಳಿದರು. ಶಾಲೆಯ ಗೇಟಿನ ಹತ್ತಿರ ಬರಲು ಅಲ್ಲಿನ ಅಜ್ಜಿಯರು ಏಕೆ ಹಿಂಜರಿಯುತ್ತಾರೆಂದು ತಿಳಿಯದ ಶಿಕ್ಷಕರು, ‘ಇವರಿಗೆ ಮಕ್ಕಳ ಓದಿನ ಕಾಳಜಿಯಿಲ್ಲ’ ಎಂದು ಬರೆದಿಡುತ್ತಿದ್ದರು. ಈಗ ಅಲ್ಲಿನ ಅನೇಕ ಶಾಲೆಗಳಲ್ಲಿ ಸಮುದಾಯದವರೇ ಆದ ಸಹಾಯಕರನ್ನು ನೇಮಿಸಿದ್ದಾರೆ, ಮನೆ ಮತ್ತು ತರಗತಿಗಳ ನಡುವೆ ಮಾತು ಹೊತ್ತೊಯ್ಯುವವರು ಅವರು.

ನೀವು ಒಬ್ಬರೇ ಹೋಗಬೇಡಿ. ನಿಮ್ಮ ಓಣಿಯ ಇನ್ನಿಬ್ಬರು ಪೋಷಕರೊಡನೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ, ಅಂದರೆ ಎಸ್‌ಡಿಎಂಸಿ ಸಭೆಯ ದಿನ ಹೋಗಿ. ದೂರನ್ನು ಲಿಖಿತವಾಗಿ ಕೊಡಿ, ಸ್ವೀಕೃತಿ ಪಡೆಯಿರಿ. ಒಂದು ಮಗುವಿನ ಚೀಲ ನೋಡುವುದಾದರೆ ಎಲ್ಲರ ಚೀಲವನ್ನೂ ನೋಡಬೇಕು, ಇಲ್ಲವೆ ಯಾರದನ್ನೂ ನೋಡಬಾರದು ಎಂದು ನಡಾವಳಿಯಲ್ಲಿ ಬರೆಸಿ. ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಕಲಂ ಮಗುವಿಗೆ ಮಾನಸಿಕ ಕಿರುಕುಳ ಕೊಡುವುದನ್ನೂ ನಿಷೇಧಿಸುತ್ತದೆ ಎಂಬುದು ನೆನಪಿರಲಿ.

ಪ್ರಶ್ನೆ: ನಮ್ಮ ಶಾಲೆಯಲ್ಲಿ ಶಿಳ್ಳೇಕ್ಯಾತರ ಮನೆಯ ಇಬ್ಬರು ಮಕ್ಕಳಿದ್ದಾರೆ. ಅವರ ಅಜ್ಜ ತೊಗಲುಗೊಂಬೆ ಆಡಿಸುತ್ತಿದ್ದವರು. ಅವರನ್ನು ಶಾಲೆಗೆ ಕರೆಸಿ ಒಂದು ದಿನ ಆಟ ಮಾಡಿಸಿದರೆ ಪಾಠಕ್ಕೆ ಉಪಯೋಗವಾದೀತೇ? (ಯಲಬುರ್ಗಾ ತಾಲ್ಲೂಕಿನ ಶಿಕ್ಷಕಿ)

ಉತ್ತರ: ಆದೀತು, ಒಂದೇ ದಿನಕ್ಕೆ ಮುಗಿಸದಿದ್ದರೆ. ವರ್ಷಕ್ಕೊಮ್ಮೆ ಹಿರಿಯರನ್ನು ಕರೆದು ಹಾರ ಹಾಕಿ ಫೋಟೊ ತೆಗೆದು ಕಳಿಸುವ ಚಾಳಿ ಆಸ್ಟ್ರೇಲಿಯದ ಶಾಲೆಗಳಲ್ಲೂ ಇತ್ತು, ಅಲ್ಲಿನವರೇ ಅದನ್ನು ಟೀಕಿಸಿದ್ದಾರೆ. ನಿಮ್ಮದೇ ಜಿಲ್ಲೆಯ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತು. ಮಕ್ಕಳಿಗೆ ಅದನ್ನು ಹೇಳುವಾಗ ಆ ಇಬ್ಬರು ಮಕ್ಕಳ ಕಡೆಗೆ ಬೆರಳು ತೋರಿಸಬೇಡಿ, ಅವರಿಗೆ ತಾವಾಗಿ ತಿಳಿಯುತ್ತದೆ. ಅಜ್ಜನನ್ನು ನಾಲ್ಕು ಶನಿವಾರ ಕರೆಸಿ. ಮೊದಲ ವಾರ ಆಟ ನೋಡುವುದು, ಎರಡನೆಯ ವಾರ ಬೆಳಕಿನ ಹತ್ತಿರ, ದೂರ ಗೊಂಬೆ ಹಿಡಿದು ಪರದೆಯ ಮೇಲಿನ ನೆರಳನ್ನು ಅಳೆಯುವುದು, ಮೂರನೆಯ ವಾರ ಗೊಂಬೆಗಳ ಮಾತನ್ನು ಮಕ್ಕಳು ಬರೆಯುವುದು, ನಾಲ್ಕನೆಯ ವಾರ ಬರೆದದ್ದನ್ನು ಮಕ್ಕಳೇ ಪರದೆಯ ಹಿಂದೆ ನಿಂತು ಓದುವುದು. ಪರದೆಯ ಹಿಂದೆ ಮುಖ ಕಾಣುವುದಿಲ್ಲವಾದ್ದರಿಂದ, ಬಾಯಿ ಬಿಡದ ಮಕ್ಕಳು ಅಲ್ಲಿ ಮಾತಾಡುತ್ತಾರೆ.

ಅಜ್ಜನಿಗೆ ಬಸ್ ಚಾರ್ಜು, ದಿನದ ಕೂಲಿ ಎರಡನ್ನೂ ಕೊಡಬೇಕು. ಶಾಲಾ ಅನುದಾನದಲ್ಲಿ ಯಾವ ಬಾಬ್ತಿನಡಿ ತೋರಿಸುವುದೆಂದು ಮುಖ್ಯಶಿಕ್ಷಕರು ತಕರಾರು ತೆಗೆದರೆ, ಎಸ್‌ಡಿಎಂಸಿ ಠರಾವು ಪುಸ್ತಕದಲ್ಲಿ ‘ಅತಿಥಿ ಬೋಧನೆ, ನಾಲ್ಕು ದಿನ’ ಎಂದು ಬರೆಸಿ ಅಜ್ಜನ ಸಹಿ ತೆಗೆದುಕೊಳ್ಳಿ. ಸಹಿ ಬಾರದಿದ್ದರೆ ಹೆಬ್ಬೆಟ್ಟು ಸಾಕು.